ಐದೂವರೆಗೆ ನಾಯಿ ಒಳಗೆ

ಈ ಸೀಮೆಯಲ್ಲಿ ಸಂಜೆ ಐದೂವರೆಗೆ ನಾಯಿಯನ್ನು ಮನೆಯೊಳಗೆ ಕೂಡಿ ಬಾಗಿಲು ಹಾಕುತ್ತಾರೆ. ಬಂದ ದಿನವೇ ಅದನ್ನು ನೋಡಿ, ಇವರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೆ. ಕಡೂರು ಕಡೆಯ ನಮ್ಮೂರಿನಲ್ಲಿ ನಾಯಿ ಮನೆ ಕಾಯುತ್ತದೆ. ಇಲ್ಲಿ ಮನೆಯೇ ನಾಯಿಯನ್ನು ಕಾಯುತ್ತದೆ.

ಅಲ್ಲಿ ಹೇಗಿದೆ ಎಂದು ಊರಿನವರು ಕೇಳುತ್ತೀರಿ. ನಮ್ಮೂರಿಗೂ ನಾನೀಗ ಇರುವ ಮೂಡಿಗೆರೆಗೂ ಒಂದೇ ಜಿಲ್ಲೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಇಳಿಯಬಹುದು. ಆದರೂ ಪರದೇಶವೇ. ನಮ್ಮಲ್ಲಿ ನಿಂತ ಕಡೆಯಿಂದ ಮೂರು ಊರು ಕಾಣುತ್ತವೆ. ಇಲ್ಲಿ ಪಕ್ಕದ ಸಾಲಿನಲ್ಲಿ ಕಾಫಿ ಹಣ್ಣು ಕೀಳುವವಳೂ ಕಾಣುವುದಿಲ್ಲ, ಅವಳ ಕೆಮ್ಮು ಮಾತ್ರ ಕೇಳುತ್ತದೆ. ಮಳೆಗಾಲದಲ್ಲಿ ಕಾಲಿಗೆ ಇಂಬಳ ಹತ್ತುತ್ತದೆ. ರಕ್ತ ಹೀರುವ ಹುಳ. ಕಚ್ಚಿದಾಗ ತಿಳಿಯುವುದಿಲ್ಲ, ಬಿಟ್ಟುಹೋದ ಮೇಲೆ ತಿಳಿಯುತ್ತದೆ.

ಗಂಡ ಹೋದ ಮೇಲೆ ಒಬ್ಬಳೇ ಕೂತು ಗೋಡೆ ನೋಡುವುದು ಬೇಡ ಎಂದು ತಂಗಿ ಗಂಗೆ ನನ್ನನ್ನು ಕರೆಸಿಕೊಂಡಳು. ಅವಳು ಈ ಎಸ್ಟೇಟಿನಲ್ಲಿ ಹಳಬಳು. ನನಗೆ ಕೊಟ್ಟದ್ದು ಲೈನು ಮನೆ. ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಕೊನೆಯದು, ಹಿಂದೆಯೇ ತೋಟ. ಬೀಗ ತೆಗೆಯಲು ಹೋದರೆ ಬಾಗಿಲಲ್ಲಿ ಒಂದು ಕೆಂದು ನಾಯಿ ಮಲಗಿತ್ತು.

"ಇದ್ಯಾರ್ದು?" ಎಂದೆ.

"ಮೊದ್ಲು ಇದ್ದೋರ್ದು ಅಜ್ಜಿ. ಅವ್ರು ಬಿಟ್ಟು ಹೋದ್ರು, ಇದು ಹೋಗ್ಲಿಲ್ಲ. ದಾಸು ಅಂತ ಹೆಸ್ರು," ಎಂದಳು ಪಕ್ಕದ ಮನೆಯ ಶೇಷಮ್ಮ. ಅವಳು ಇಲ್ಲೇ ಹುಟ್ಟಿ ಬೆಳೆದವಳು.

ನಾನು ಹೆಸರು ಹಿಡಿದು ಕರೆಯಲಿಲ್ಲ. ಕರೆದರೆ ನನ್ನದಾಗುತ್ತದೆ. ನಾಯಿ ಎಂದರೆ ಸಾಕು.

ಇಲ್ಲಿಯವರಿಗೆ ಮೂರು ಹೊತ್ತೂ ಅಕ್ಕಿಯೇ. ರೊಟ್ಟಿ, ಕಡುಬು, ಅನ್ನ. ನನಗೆ ಮುದ್ದೆ ಇಲ್ಲದಿದ್ದರೆ ಉಂಡ ಹಾಗಾಗುವುದಿಲ್ಲ. ಮಿಕ್ಕ ಮುದ್ದೆಯನ್ನು ನಾಯಿಗೆ ಹಾಕಿದೆ. ಮೂರು ದಿನ ಮೂಸಿ ಬಿಟ್ಟಿತು. ನಾಲ್ಕನೆಯ ದಿನ ತಿಂದಿತು. ನಾನು ಎರಡು ವರ್ಷವಾದರೂ ಇವರ ಕಡುಬಿಗೆ ಒಗ್ಗಲಿಲ್ಲ.

ಮಾತೂ ಹಾಗೆಯೇ. ಇಲ್ಲಿಯವರದು ಮೆತ್ತನೆಯ ಮಾತು. ನಾನು ಕುಡಿಯಲು ನೀರು ಕೇಳಿದರೂ ಜಗಳಕ್ಕೆ ಬಂದಳೇನೋ ಎಂದು ತಿರುಗಿ ನೋಡುತ್ತಿದ್ದರು. ನನ್ನ ದನಿಗೆ ಹೆದರದೆ ಉಳಿದದ್ದು ಆ ನಾಯಿ ಒಂದೇ. ಕೆಲಸಕ್ಕೆ ಹೋದರೆ ಹಿಂದೆಯೇ ಬರುತ್ತಿತ್ತು. ನನ್ನ ಕೈ ನಿಧಾನ. ಉಳಿದ ಹೆಂಗಸರು ಸಾಲು ಮುಗಿಸಿ ಮುಂದೆ ಹೋದರೂ ಅದು ನನ್ನ ಗಿಡದ ಬುಡದಲ್ಲಿ ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ನಾಯಿ ದಾರಿಗೆ ಅಡ್ಡ ನಿಂತು ಮುಂದೆ ಬಿಡಲೇ ಇಲ್ಲ. ಹೊತ್ತಾಗುತ್ತಿದೆ ಎಂದು ಕೋಲಿನಿಂದ ಬಾರಿಸಿದೆ. ಕುಂಯ್ ಎಂದಿತು, ಜಾಗ ಬಿಡಲಿಲ್ಲ. ಹಿಂದಿನಿಂದ ಬಂದ ಮೇಸ್ತ್ರಿ ಸೋಮಣ್ಣ ನನ್ನ ರಟ್ಟೆ ಹಿಡಿದು ಎಳೆದರು.

"ಸುಮ್ನೆ ನಿಲ್ಲಿ ಅಜ್ಜಿ. ತಿರುವಲ್ಲಿ ಆನೆ ಇದೆ. ವಾಸ್ನೆ ಬರ್ತಿಲ್ವಾ?"

ಬಿದಿರು ಮುರಿಯುವ ಸದ್ದು ಆಮೇಲೆ ಕೇಳಿತು. ಆ ದಿನ ನಾಯಿಗೆ ಮುದ್ದೆಯ ಜೊತೆ ಒಂದು ಮೊಟ್ಟೆ ಹಾಕಿದೆ. ಹೊಡೆದದ್ದಕ್ಕೆ ಬೇರೆ ಏನು ಹೇಳುವುದು.

ಆದರೆ ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ಗೋಣಿಚೀಲ ಹಾಸಿದ್ದೆ, ಅದರ ಮೇಲೆ ಮಲಗುತ್ತಿತ್ತು. ಶೇಷಮ್ಮ ದಿನವೂ ಹೇಳುತ್ತಿದ್ದಳು.

"ಒಳಗೆ ಕೂಡಿ ಮಾರಾಯ್ರೆ. ಚಿರತೆಗೆ ನಾಯಿ ಅಂದ್ರೆ ನಿಮ್ಗೆ ಮುದ್ದೆ ಇದ್ದಂಗೆ."

"ನಾಯಿ ಒಳಕ್ಕೆ ಬಂದ್ರೆ ಮನೆದೇವ್ರು ಹೊರಕ್ಕೆ ಹೋಗ್ತಾನೆ ಕಣಮ್ಮ. ನಮ್ಮವ್ವನ ಕಾಲ್ದಿಂದ ನಡ್ಕೊಂಡು ಬಂದಿರೋದು."

"ನಿಮ್ಮ ದೇವ್ರು ಬಯಲುಸೀಮೆಯೋನು ಅಜ್ಜಿ. ಅವ್ನಿಗೆ ಈ ಕಾಡು ಗೊತ್ತಿಲ್ಲ."

ಇಬ್ಬರೂ ನಕ್ಕೆವು. ಮಾತು ನಗುವಿನಲ್ಲೇ ಹೋಯಿತು.

ಹಣ್ಣು ಕೀಳುವ ಕಾಲದ ಒಂದು ಸಂಜೆ. ಮಂಜು ಬೇಗ ಇಳಿದಿತ್ತು. ಐದೂವರೆ ದಾಟಿತ್ತು. ನಾನು ದೀಪ ಹಚ್ಚಿ ಕೈ ಮುಗಿದು ಕೂತಿದ್ದೆ. ನಾಯಿ ಬಾಗಿಲು ಕೆರೆಯಿತು. ಅಷ್ಟು ದಿನದಲ್ಲಿ ಒಮ್ಮೆಯೂ ಹಾಗೆ ಕೆರೆದದ್ದಿಲ್ಲ. "ಥೂ, ಹೋಗತ್ಲಾಗೆ," ಎಂದು ಗದರಿದೆ. ಮತ್ತೆ ಕೆರೆಯಿತು. ದೀಪದ ಮುಂದಿನಿಂದ ನಡುವೆ ಏಳಬಾರದು ಎಂದು ಕೂತೇ ಇದ್ದೆ. ಆಮೇಲೆ ಒಂದು ಸಲ ಕಿರುಚಿತು. ಒಂದೇ ಸಲ.

ಬಾಗಿಲು ತೆಗೆದಾಗ ಗೋಣಿಚೀಲ ಮೆಟ್ಟಿಲ ಕೆಳಗೆ ಬಿದ್ದಿತ್ತು.

"ದಾಸೂ," ಎಂದು ತೋಟದ ಕಡೆಗೆ ಕೂಗಿದೆ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಲೈನಿನ ಬಾಗಿಲುಗಳೆಲ್ಲ ತೆರೆದವು. ಒಳಗಿದ್ದ ನಾಯಿಗಳೆಲ್ಲ ಬೊಗಳಿದವು.

ಬೆಳಿಗ್ಗೆ ಸೋಮಣ್ಣ ತೋಟದೊಳಗೆ ಉಳಿದಿದ್ದನ್ನು ಹುಡುಕಿಕೊಟ್ಟರು. ನಮ್ಮೂರಲ್ಲಿ ಸತ್ತ ನಾಯಿಯ ಕಾಲಿಗೆ ಹಗ್ಗ ಕಟ್ಟಿ ಹಳ್ಳಕ್ಕೆ ಎಳೆದು ಹಾಕುತ್ತೇವೆ. ನಾನೂ ಎಳೆದಿದ್ದೇನೆ. ಇಲ್ಲಿ ಗುದ್ದಲಿ ಕೇಳಿದೆ. "ನಾನು ತೋಡ್ತೀನಿ ಬಿಡಿ ಅಜ್ಜಿ," ಎಂದರು ಸೋಮಣ್ಣ. ಗುದ್ದಲಿಯನ್ನು ನಾನು ಅವರ ಕೈಗೆ ಕೊಡಲಿಲ್ಲ. ಮಣ್ಣು ಮೆತ್ತಗಿತ್ತು, ಬೇರು ಮಾತ್ರ ಗುದ್ದಲಿಗೆ ಸಿಕ್ಕುತ್ತಿತ್ತು. ಶೇಷಮ್ಮ ಮೊರದಲ್ಲಿ ಉಪ್ಪು ತಂದು ಗುಂಡಿಗೆ ಸುರಿದಳು. ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಅದ್ರ ಆಯಸ್ಸು ಅಷ್ಟೇ ಇತ್ತು ಅಕ್ಕ," ಎಂದಳು ಗಂಗೆ.

"ಆಯಸ್ಸಲ್ಲ ಕಣೆ. ಬಾಗ್ಲ ಅಗುಳಿ," ಎಂದೆ.

ಅಳಲಿಲ್ಲ. ಅತ್ತರೆ ತಪ್ಪು ಚಿರತೆಯ ಮೇಲೆ ಹೋಗುತ್ತದೆ. ಅದಕ್ಕೆ ಹಸಿವಾಗಿತ್ತು, ತಿಂದಿತು. ಬಾಗಿಲು ತೆಗೆಯದೆ ಕೂತವಳು ನಾನು. ಈಗಲೂ ಮುದ್ದೆ ಒಂದು ಹಿಡಿ ಹೆಚ್ಚಿಗೇ ಆಗುತ್ತದೆ. ಅಳತೆ ಕೈಗೆ ಕೂತುಬಿಟ್ಟಿದೆ.

ಹೋದ ತಿಂಗಳು ಊರಿಗೆ ಬಂದಿದ್ದೆ, ತಮ್ಮನ ಮನೆಗೆ. ಮುದ್ದೆ, ಅವರೆಕಾಳಿನ ಸಾರು. ಹೊಟ್ಟೆ ತುಂಬ ಉಂಡೆ. ನನ್ನ ದನಿಗೆ ಯಾರೂ ತಿರುಗಿ ನೋಡಲಿಲ್ಲ. ಸಂಜೆಯಾಯಿತು. ಅಂಗಳದಲ್ಲಿ ತಮ್ಮನ ನಾಯಿ ಮಲಗಿತ್ತು. ನಾನು ಎದ್ದು ಹೋಗಿ ಬಾಗಿಲು ಪೂರ್ತಿ ತೆಗೆದು, "ಬಾ ಒಳಕ್ಕೆ," ಎಂದೆ.

"ಏನಕ್ಕಾ ಇದು? ನಾಯಿನ ಒಳಕ್ಕೆ ಕರೀತಾರಾ? ಕಾಡು ಸೇರಿ ಕೆಟ್ಟೆ ನೀನು," ಎಂದು ತಮ್ಮ ನಕ್ಕ.

ಲೈನಿನಲ್ಲಿ ನನ್ನನ್ನು ಇನ್ನೂ ಬಯಲುಸೀಮೆ ಅಜ್ಜಿ ಎಂದೇ ಕರೆಯುತ್ತಾರೆ.

ನಾಯಿ ಎದ್ದು ಬಂತು. ಮುಂಗಾಲು ಎರಡನ್ನೂ ಹೊಸ್ತಿಲೊಳಗೆ ಇಟ್ಟಿತು. ಹಿಂಗಾಲು ಹೊರಗೇ ಇದ್ದವು. ನನ್ನ ಮುಖ ನೋಡಿತು, ತಮ್ಮನ ಮುಖ ನೋಡಿತು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಬಾಗಿಲು ಹಿಡಿದುಕೊಂಡು ನಾನೂ ನಿಂತೇ ಇದ್ದೆ.