ಅಲುಗದ ಮುಳ್ಳು

ನನಗೆ ಸಂಶಯ ಹೆಚ್ಚು. ನಾನೇ ಹಾಕಿದ ಉಪ್ಪನ್ನೂ ಎರಡು ಸಲ ನೋಡುವವಳು. ಭೀಮರಾಯನಗುಡಿಯ ಹಾಸ್ಟೆಲಿನಲ್ಲಿ ನಾನು, ನನ್ನ ನಾದಿನಿ ಇಬ್ಬರೂ ಅಡುಗೆಗಿದ್ದೆವು. ಸಂಜೆ ಹೊರಡುವಾಗ ಅವಳ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದೆ, ಹಾಸ್ಟೆಲಿನ ಎಣ್ಣೆ ಮನೆಗೆ ಹೋಗುತ್ತಿದೆಯೇನೋ ಎಂದು. ಅವಳು ಉರಿದುಬೀಳುತ್ತಿದ್ದಳು.

ಅಲ್ಲಿ ಅನ್ನ ಬೇಯುತ್ತಿದ್ದುದು ಉಗಿಯಲ್ಲಿ. ಅಡುಗೆಮನೆಯ ಹಿಂದಿದ್ದ ಬಾಯ್ಲರಿನಿಂದ ರಭಸವಾಗಿ ಬರುವ ಉಗಿಯ ಒತ್ತಡವನ್ನು ಗೋಡೆಯ ಮೇಲಿನ ವಾಲ್ವು ತಗ್ಗಿಸಿ ಹಂಡೆಗೆ ಬಿಡಬೇಕು. ಎಷ್ಟು ತಗ್ಗಿತೆಂದು ತೋರಿಸಲು ಪಕ್ಕದಲ್ಲೇ ಗಡಿಯಾರದಂಥ ಮೀಟರು. ಮುಳ್ಳು ಕೆಂಪು ಗೆರೆ ದಾಟಬಾರದು. ನಮ್ಮ ಮುಳ್ಳು ಗೆರೆಗಿಂತ ಬಹಳ ಕೆಳಗೆ, ಸದಾ ಒಂದೇ ಕಡೆ ನಿಂತಿರುತ್ತಿತ್ತು. ಎಲ್ಲರಿಗೂ ಅದರ ಮೇಲೆ ಭಾರಿ ಭರವಸೆ. ನನಗಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮೇಲಾಗಿ ಈಚೆಗೆ ಬೇಳೆ ಬೇಗ ಬೇಯುತ್ತಿತ್ತು, ಅನ್ನ ತಳ ಹಿಡಿಯುತ್ತಿತ್ತು.

ಒಂದು ರಜೆಯ ದಿನ ಬಾಯ್ಲರ್ ತಣ್ಣಗಿದ್ದಾಗ ಮೀಟರಿನ ಗಾಜು ಒರೆಸಲು ಹೋದೆ. ಉಗಿಯೇ ಇಲ್ಲ, ಮುಳ್ಳು ಮಾತ್ರ ಅದೇ ಜಾಗದಲ್ಲಿದೆ! ಸೌಟಿನಿಂದ ಬಡಿದೆ. ಅಲುಗಲಿಲ್ಲ. ಆ ಹಂಡೆಯ ಮುಂದೆ ದಿನವೂ ನಿಲ್ಲುವವಳು ನಾದಿನಿ.

ಮರುದಿನ ಅವಳು ಉಗಿ ಬಿಡಲು ಹೋದಾಗ ಅಡ್ಡ ನಿಂತೆ.

"ವೈನಿ, ಆ ಕಡಿ ಸರಿ. ಹುಡುಗ್ರು ಹಸ್ಗೊಂಡು ಕುಂತಾವ."

"ಗ್ಯಾಸಿನ ಮ್ಯಾಲ ಮಾಡ್ತೀನಿ. ಮುಳ್ಳು ಕೆಟ್ಟದ, ನೀ ಹಂಡಿ ಹತ್ರ ಹೋಗಬ್ಯಾಡ."

"ಮನಷ್ಯಾರು ಮುಗುದ್ರು, ಈಗ ಮುಳ್ಳಿನ ಮ್ಯಾಲ ಸಂಶಯ ಏನು?"

ಊಟ ತಡವಾಯಿತು. ವಾರ್ಡನ್ ಬೈದರು, ಮುಳ್ಳಿನ ಸಂಗತಿ ಹೇಳಿದಾಗ ಬೈಯುತ್ತಲೇ ಯಾದಗಿರಿಯ ಮಿಸ್ತ್ರಿಗೆ ಫೋನ್ ಮಾಡಿದರು. ಅವನು ಬಂದು ಹೊಸ ಮೀಟರು ಕೂಡಿಸಿ ಉಗಿಯನ್ನು ಸ್ವಲ್ಪವೇ ಬಿಟ್ಟ. ಮುಳ್ಳು ಎಲ್ಲೂ ನಿಲ್ಲದೆ ಕೆಂಪು ಗೆರೆ ದಾಟಿತು.

"ಹೊರಗ ನಡೀರಿ ಎಲ್ಲಾರೂ!" ಎಂದು ಕೂಗಿ ಬಂದ್ ಮಾಡಿದ.

ಆರಿದ ಮೇಲೆ ಬಿಚ್ಚಿದರೆ, ವಾಲ್ವಿನಲ್ಲಿ ತುಕ್ಕಿನ ಚೂರು ಸಿಕ್ಕಿಕೊಂಡು ಅದು ಮುಚ್ಚುತ್ತಲೇ ಇರಲಿಲ್ಲ. ಹೆಚ್ಚಾದ ಉಗಿ ಹೊರಹೋಗುವ ದಾರಿಯೂ ಕಟ್ಟಿತ್ತು.

"ಯಾವತ್ತರ ಒಂದಿನ ಹಂಡಿ ಸಿಡೀತಿತ್ತವ್ವಾ," ಎಂದ ಮಿಸ್ತ್ರಿ.

ಸಂಜೆ ಹೊರಡುವಾಗ ನಾದಿನಿ ತಾನಾಗಿಯೇ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು.

"ನೋಡು ವೈನಿ. ದಿನಾ ನೋಡು."

ನನಗೆ ಅಳು ಒತ್ತಿ ಬಂತು. ಆದರೂ ನೋಡಿದೆ. ಖಾಲಿ ಇತ್ತು. ಮುಚ್ಚಳ ಹಾಕಿ, ಅವಳ ಕೈ ಹಿಡಿದುಕೊಂಡೇ ಶಹಾಪುರದ ಬಸ್ಸಿಗೆ ನಡೆದೆ.