ಮಾತ್ರೆಯ ದಿನದ ರಂಗೋಲಿ

ವಿದ್ಯಾರಣ್ಯಪುರಂನ ನಮ್ಮ ಮನೆ ಮುಂದೆ ರಂಗೋಲಿಗೆ ಬಗ್ಗಿದವಳು ಎದೆಯುರಿ ತಾಳಲಾರದೆ ಗೇಟು ಹಿಡಿದು ನಿಂತೆ. ಮೂಳೆ ಸವೆತಕ್ಕೆಂದು ಭಾನುವಾರ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಪ್ರತಿ ವಾರವೂ ಹೀಗೇ ಕಾಡುತ್ತಿತ್ತು. ಇನ್ನು ಅದರ ಸಹವಾಸವೇ ಬೇಡ ಎಂದುಕೊಂಡೆ.

ಎದುರು ಮನೆಯ ರತ್ನಮ್ಮನವರೂ ಅದೇ ಮಾತ್ರೆ ತೆಗೆದುಕೊಳ್ಳುವವರು. ಹಾಲು ತರಲು ಹೊರಟವರು ನನ್ನನ್ನು ನೋಡಿ ನಿಂತರು. “ಮಾತ್ರೆ ನುಂಗಿದ ತಕ್ಷಣ ಬಗ್ಗಿದ್ರಾ? ಅರ್ಧ ಗಂಟೆ ನೆಟ್ಟಗಿರ್ಬೇಕು ಕಣ್ರೀ.”

ಮಲಗಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ಮಲಗುತ್ತಿರಲಿಲ್ಲವಲ್ಲ, ಬಗ್ಗಿ ಗುಡಿಸಿ, ನೀರು ಹಾಕಿ, ರಂಗೋಲಿ ಹಾಕುತ್ತಿದ್ದೆ.

ಹಾಗಂತ ಬಾಗಿಲನ್ನು ಬೋಳು ಬಿಡುವುದು ಹೇಗೆ? ಅಷ್ಟರಲ್ಲಿ ಪೇಪರ್ ಎತ್ತಿಕೊಳ್ಳಲು ಬಂದ ನಮ್ಮ ಯಜಮಾನರು ನನ್ನ ಕೈಯಿಂದ ರಂಗೋಲಿ ಬಟ್ಟಲು ತೆಗೆದುಕೊಂಡರು. “ನೀನು ನಿಂತ್ಕೊಂಡು ಹೇಳು, ನಾನು ಹಾಕ್ತೀನಿ” ಎಂದು ಕುಕ್ಕರುಗಾಲಲ್ಲಿ ಕೂತರು. ಮದುವೆಯಾದ ಲಾಗಾಯ್ತು ಅವರು ಆ ಬಟ್ಟಲು ಮುಟ್ಟಿದ್ದೇ ಇರಲಿಲ್ಲ.

ಎದೆಯುರಿ ಈಗ ಇಲ್ಲ, ಮಾತ್ರೆಯನ್ನೂ ಬಿಟ್ಟಿಲ್ಲ. ಭಾನುವಾರ ನಮ್ಮ ಬಾಗಿಲಿನ ತಾವರೆ ಎಲೆಕೋಸಿನ ಹಾಗಿರುತ್ತದೆ, ಅಷ್ಟೆ. ಮೊನ್ನೆ ಬುಧವಾರ ನಾನು ಎದ್ದು ಬರುವಷ್ಟರಲ್ಲಿ ಅವರು ಬಾಗಿಲಲ್ಲಿ ಕೂತು ಚುಕ್ಕಿ ಇಡುತ್ತಿದ್ದರು. ಅಂದು ಮಾತ್ರೆಯ ದಿನವಲ್ಲ ಎಂದು ನಾನು ನೆನಪಿಸಲಿಲ್ಲ.