ಗಾಡಿನೇ ಹೇಳಲಿ
ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಮೆಕ್ಯಾನಿಕ್ ಎಂದು ಅಪ್ಪನಿಗೆ ಊರಲ್ಲೆಲ್ಲ ಹೆಸರು. ಗಿರಾಕಿ ಗಾಡಿಯ ರೋಗ ವಿವರಿಸಲು ಬಾಯಿ ತೆರೆದರೆ ಸಾಕು, "ನೀವು ಸುಮ್ನಿರಿ, ಗಾಡಿನೇ ಹೇಳಲಿ" ಎಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿಬಿಡುತ್ತಿದ್ದರು. ಮನೆಯಲ್ಲಿ ಮಕ್ಕಳು ಜಗಳ ತಂದರೆ ಗಂಭೀರವಾಗಿ ತಲೆಯಾಡಿಸಿ, "ಇಬ್ಬರದ್ದೂ ಸರಿ" ಎಂದು ತೀರ್ಪು ಕೊಟ್ಟು, ಇಬ್ಬರ ಸೈಕಲ್ಲಿಗೂ ಎಣ್ಣೆ ಬಿಡುತ್ತಿದ್ದರು. ಭಾನುವಾರ ಉಗುರಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ಚರ್ಚಿಗೆ ಹೊರಟರೆ, ಪಾದ್ರಿಗಳ ಪ್ರಸಂಗ ಮುಗಿಯುವವರೆಗೂ ನೆಟ್ಟಗೆ ಕೂರುವ ಮನುಷ್ಯ, ಹಾಡು ಶುರುವಾದೊಡನೆ ಮುಂದಿನ ಬೆಂಚಿನ ಒರಗುಹಲಗೆಗೆ ಹಣೆಯೊತ್ತಿ ಕೂತುಬಿಡುತ್ತಿದ್ದರು. ಭಕ್ತಿಯೆಂದರೆ ಹೀಗಿರಬೇಕು ಎಂದು ಪಾದ್ರಿಗಳು ಹೊಗಳುತ್ತಿದ್ದರು. ಇದು ಶುದ್ಧ ನಿದ್ದೆಯೆಂದು ಆ ಹಲಗೆಗೇ ಒರಗಿ ಹಾಡುವ ಮಗಳ ಗುಮಾನಿ. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು: "ನಿಜ ಹೇಳಮ್ಮ, ಅಪ್ಪ ಚರ್ಚಲ್ಲಿ ನಿದ್ದೆ ಮಾಡ್ತಿದ್ರು ತಾನೆ?" ಅಮ್ಮ ಅಪ್ಪನ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಒರೆಸುತ್ತಾ, "ನಿದ್ದೆ ಎಲ್ಲಿ ಬಂತು," ಎಂದಳು. "ಅವರಿಗೆ ಕಿವಿ ಕೇಳದೆ ಹನ್ನೊಂದು ವರ್ಷ ಆಗಿತ್ತು. ಗಿರಾಕಿಗಳು ಬರೋದು ನಿಂತುಹೋದ್ರೆ ಅಂತ ಯಾರಿಗೂ ಹೇಳೋಕೆ ಬಿಡ್ಲಿಲ್ಲ. ನಿನ್ನ ಹಾಡು ಮಾತ್ರ ಆ ಹಲಗೇಲಿ ಕೇಳಿಸ್ತಿತ್ತಂತೆ."